ಪಾಸ್ ಎಲ್ಲಿ ಬಿತ್ತು? – ಲಾಗಿನ್, ಲಾಗೌಟ್ ತೊಡಕು ಬಿಡಿಸುವ ಬಗೆ

ಭಾನುವಾರ ಸಂಜೆ ಡೊಂಬಿವಲಿಯಿಂದ ಕಾಕಾ ಫೋನ್ ಮಾಡಿದರು. ಧಾರವಾಡದ ಕಡೆಯವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನಮ್ಮದೊಂದು ಸಣ್ಣ ಕನ್ನಡ ಬಳಗದ ಲೆಕ್ಕಪತ್ರವನ್ನು ಅದರ ಜಾಲತಾಣದಲ್ಲಿ ನೋಡಿಕೊಳ್ಳುತ್ತಾರೆ. "ತಮ್ಮಾ, ಇದೇನ್ ಆಟ ಹಚ್ಚೇತಿ ನೋಡು. ಪಾಸ್‌ವರ್ಡ್ ಹಾಕಿದ್ರ ನಮಸ್ಕಾರ ಅಂತ ನನ್ನ ಹೆಸರು ಹೇಳತೈತಿ. ಸದಸ್ಯರ ಪಟ್ಟಿ ಒತ್ತಿದ್ರ ಮತ್ತ ಪಾಸ್‌ವರ್ಡ್ ಕೇಳತೈತಿ. ನಾಕ ಸಲ ಆತು."

ವಾರವಿಡೀ ಐರೋಲಿಯ ಆಫೀಸಿನಲ್ಲಿ ನಾನು ಮಾಡುವುದೂ ಇಂಥದೇ ಕೆಲಸ. ಅಲ್ಲಿ ಬರುವ ದೂರು ಬಹುಪಾಲು "ಲಾಗಿನ್ ಆಗ್ತಿಲ್ಲ" ಎಂಬ ಎರಡು ಪದಕ್ಕೆ ಮುಗಿದುಹೋಗುತ್ತದೆ. ಕಾಕಾ ಹೇಳಿದ್ದು ಅದಕ್ಕಿಂತ ಎಷ್ಟೋ ಮೇಲು. ಹೆಸರು ಹೇಳಿತು ಎಂದರೆ ಪಾಸ್‌ವರ್ಡ್ ಸರಿಯಾಗಿದೆ, ಸರ್ವರ್ ಒಪ್ಪಿದೆ. ಮುಂದಿನ ಕ್ಲಿಕ್ಕಿಗೇ ಮರೆತಿತು ಎಂದರೆ ಗುರುತು ದಾರಿಯಲ್ಲಿ ಎಲ್ಲೋ ಬಿದ್ದಿದೆ. ಪಾಸ್‌ವರ್ಡ್ ಬದಲಿಸಿ ಕೊಡುವುದು, ಡೇಟಾಬೇಸ್ ಕೆದಕುವುದು, ಫೋನ್ ಆಫ್ ಮಾಡಿ ಆನ್ ಮಾಡಿ ಎನ್ನುವುದು, ಇದೆಲ್ಲ ಇಲ್ಲಿ ದಂಡ.

ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿ, ನೆರೂಳ್‌ವರೆಗೆ ಇಂಥ ಜಾಲತಾಣಗಳಿಗೆ ಬರವಿಲ್ಲ. ಸಂಘದ್ದು, ಹೌಸಿಂಗ್ ಸೊಸೈಟಿಯದ್ದು, ಟ್ಯೂಷನ್ ಕ್ಲಾಸಿನದ್ದು, ಖಾನಾವಳಿಯ ಡಬ್ಬಿ ಲೆಕ್ಕದ್ದು. ಕಟ್ಟುವವರು ವಾರದ ದಿನ ಮಹಾಪೆಯಲ್ಲೋ ಐರೋಲಿಯಲ್ಲೋ ದುಡಿಯುವ ಹುಡುಗ ಹುಡುಗಿಯರು. ಭಾನುವಾರ ಬಿಡುವಿನಲ್ಲಿ ಕಟ್ಟಿದ್ದು, ಭಾನುವಾರವೇ ಕೆಡುತ್ತದೆ. ಈ ಬರಹ ಅವರಿಗೆ.

ಕೌಂಟರ್ ಮತ್ತು ಟಿಸಿ

ಲೋಕಲ್ ಗಾಡಿಯ ಪಾಸ್ ಎಂದರೇನು ಎಂದು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ಗಾಡಿ ಬಂದು ನಿಂತದ್ದೇ ಥಾಣೆಯಲ್ಲಿ. ಕೌಂಟರಿನಲ್ಲಿ ಒಮ್ಮೆ ಗುರುತು ತೋರಿಸಿ ಹಣ ಕಟ್ಟುತ್ತೀರಿ, ಪಾಸ್ ಸಿಗುತ್ತದೆ. ಆಮೇಲೆ ತಿಂಗಳಿಡೀ ಟಿಸಿ ಕೇಳುವುದು ಪಾಸನ್ನು. ನಿನ್ನೆ ನೋಡಿದ್ದೆನಲ್ಲ ಎಂದು ಅವನು ಬಿಡುವುದಿಲ್ಲ.

ವೆಬ್ ಸರ್ವರ್ ಕೂಡ ಹಾಗೇ. ಅದಕ್ಕೆ ಪ್ರತಿ ಕ್ಲಿಕ್ಕೂ ಹೊಸ ಮುಖ. ಈ ಮರೆವಿಗೆ ಮದ್ದಾಗಿ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಕುಕಿಯನ್ನು ತಂದರು. ಲಾಗಿನ್ ಆದಾಗ ಸರ್ವರ್ ಒಂದು ಉದ್ದನೆಯ ಸಂಖ್ಯೆಯನ್ನು ಕುಕಿಯಾಗಿ ಕೊಡುತ್ತದೆ, ಅದು ಯಾರದ್ದೆಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಆ ಪುಸ್ತಕದ ಸಾಲೇ ಸೆಷನ್. ಈಚೆಗೆ ಪುಸ್ತಕವೇ ಇಲ್ಲದ ಇನ್ನೊಂದು ಬಗೆ ಬಂದಿದೆ. ಪಾಸಿನ ಮೇಲೇ ಹೆಸರು, ಅವಧಿ ಬರೆದು ಮೊಹರು ಒತ್ತಿ ಕೊಡುವುದು. ಟಿಸಿ ಮೊಹರು ಮಾತ್ರ ನೋಡುತ್ತಾನೆ. ಜೆಡಬ್ಲ್ಯುಟಿ ಟೋಕನ್ ಎನ್ನುವುದು ಇದನ್ನೇ.

ಹಾಗಾದರೆ ಕೇಳಬೇಕಾದ್ದು ಇಷ್ಟೇ. ಕೌಂಟರ್ ಪಾಸ್ ಕೊಟ್ಟಿತೇ? ಬ್ರೌಸರ್ ಅದನ್ನು ಜೇಬಿಗೆ ಹಾಕಿಕೊಂಡಿತೇ? ಮುಂದಿನ ಸಲ ತೋರಿಸಿತೇ? ತೋರಿಸಿದ್ದನ್ನು ಸರ್ವರ್ ಒಪ್ಪಿತೇ? ಈ ನಾಲ್ಕಕ್ಕೆ ಉತ್ತರ ಸಿಗುವ ತನಕ ಕೋಡಿನ ಒಂದು ಸಾಲನ್ನೂ ಮುಟ್ಟಬೇಡಿ. ನಾನು ಮುಟ್ಟಿ ಕೆಟ್ಟಿದ್ದೇನೆ. ಇದ್ದ ಒಂದು ದೋಷದ ಜೊತೆ ನಾನೇ ಹೊಸದೊಂದು ಸೇರಿಸಿ, ಎರಡನ್ನೂ ಹುಡುಕುತ್ತ ರಾತ್ರಿ ಕಳೆದದ್ದುಂಟು.

ಉತ್ತರ ಹುಡುಕಲು ಕಂಪ್ಯೂಟರಿನಲ್ಲಿ ಹೊಸ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಇದು ಕಡ್ಡಾಯ, ಏಕೆಂದರೆ ನಿಮ್ಮ ಮಾಮೂಲಿ ಬ್ರೌಸರಿನ ಜೇಬಿನಲ್ಲಿ ಹಳೆಯ ಪಾಸ್ ಇರುತ್ತದೆ, ನಿಮಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿಗೆ ಹೋಗಿ, 'ಪ್ರಿಸರ್ವ್ ಲಾಗ್' ಎಂಬ ಚೌಕಕ್ಕೆ ಗುರುತು ಹಾಕಿ. ಇಲ್ಲದಿದ್ದರೆ ಪುಟ ಬದಲಾದ ಕೂಡಲೇ ಸಾಕ್ಷಿ ಅಳಿಸಿಹೋಗುತ್ತದೆ. ಈಗ ಲಾಗಿನ್ ಮಾಡಿ.

ಪಟ್ಟಿಯಲ್ಲಿ ಲಾಗಿನ್ ಫಾರಂ ಕಳಿಸಿದ ಸಾಲು ಹುಡುಕಿ, ಉತ್ತರದ ಹೆಡರ್‌ಗಳನ್ನು ಓದಿ. 'ಸೆಟ್-ಕುಕಿ' ಎಂಬ ಸಾಲಿದ್ದರೆ ಕೌಂಟರ್ ಪಾಸ್ ಕೊಟ್ಟಿದೆ. ಅದರ ಪಕ್ಕ ಹಳದಿ ತ್ರಿಕೋನ ಇದ್ದರೆ ಬ್ರೌಸರ್ ಅದನ್ನು ತಿರಸ್ಕರಿಸಿದೆ. ಮೌಸ್ ಅದರ ಮೇಲಿಟ್ಟರೆ ಕಾರಣವನ್ನೂ ಹೇಳುತ್ತದೆ. ಆಮೇಲೆ ಅದರ ನಂತರದ ಪುಟದ ಸಾಲು ತೆರೆದು, ಕೋರಿಕೆಯ ಹೆಡರಿನಲ್ಲಿ 'ಕುಕಿ' ಸಾಲು ಇದೆಯೇ, ಅದೇ ಸಂಖ್ಯೆಯೇ ನೋಡಿ. ಇದ್ದೂ 401 ಬಂದರೆ ತಪ್ಪು ಸರ್ವರಿನದು. 401 ಎಂದರೆ ನೀನು ಯಾರೋ ಗೊತ್ತಿಲ್ಲ. 403 ಎಂದರೆ ನೀನು ಯಾರೆಂದು ಗೊತ್ತು, ಆದರೆ ಇಲ್ಲಿಗೆ ಬಿಡುವುದಿಲ್ಲ. ಇವೆರಡನ್ನು ಕಲಸಿಕೊಂಡು ಲಾಗಿನ್ ದೋಷ ಹುಡುಕಹೊರಟವರು ಎಷ್ಟೋ ಜನ. ಕೊನೆಗೆ ಸಿಗುವುದು ಅನುಮತಿಯ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಸಂಗತಿ.

ಮೂರು ಬೈಟ್

ಕಾಕಾ ಅವರ ಪ್ರಕರಣಕ್ಕೆ ಬರುತ್ತೇನೆ. ನೋಡಿದರೆ 'ಸೆಟ್-ಕುಕಿ' ಸಾಲೇ ಇಲ್ಲ. ಕೌಂಟರ್ ಪಾಸ್ ಕೊಟ್ಟಿರಲೇ ಇಲ್ಲ. ಆದರೂ ಕಾರ್ಯದರ್ಶಿಯವರಿಗೆ ತೊಂದರೆಯಿಲ್ಲ, ಜಾಲತಾಣ ಕಟ್ಟಿದ ಹುಡುಗನಿಗೆ ತೊಂದರೆಯಿಲ್ಲ. "ನನ್ನಲ್ಲಿ ಸರಿ ಬರ್ತಾ ಉಂಟು ಮಾರಾಯ್ರೆ" ಎಂದ ಆತ. ಉಡುಪಿ ಕಡೆಯ ಹುಡುಗ.

ಸರ್ವರಿನ ಎರರ್ ಲಾಗ್ ತೆರೆದಾಗ ಒಂದೇ ಸಾಲು ನೂರಾರು ಸಲ: 'ಹೆಡರ್ಸ್ ಆಲ್ರೆಡಿ ಸೆಂಟ್'. ಕುಕಿ ಹೋಗುವುದು ಉತ್ತರದ ತಲೆಭಾಗದಲ್ಲಿ. ಪುಟದ ಒಂದು ಅಕ್ಷರ ಹೊರಬಿದ್ದರೂ ಸಾಕು, ತಲೆಭಾಗ ಮುಗಿದಂತೆ. ಆಮೇಲೆ ಕುಕಿ ಕಳಿಸಲು ಜಾಗವಿಲ್ಲ. ಆ ಮೊದಲೇ ಹೊರಬಿದ್ದ ಅಕ್ಷರ ಯಾವುದು? ಕೋಡಿನಲ್ಲಿ ಎಲ್ಲಿ ನೋಡಿದರೂ ಏನೂ ಕಾಣದು.

ಹಿಂದಿನ ವಾರ ಸಮಿತಿಯವರು ಗುಂಡಿಗಳ ಹೆಸರು ಕನ್ನಡದಲ್ಲಿ ಇರಲಿ ಎಂದಿದ್ದರು. ಹುಡುಗ ಹಳೆಯ ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಿ ಭಾಷೆಯ ಕಡತ ತೆರೆದು 'ಸದಸ್ಯರ ಪ್ರವೇಶ' ಎಂದು ಬರೆದು, ಯುಟಿಎಫ್-8 ಎಂದು ಉಳಿಸಿದ. ಹಳೆಯ ನೋಟ್‌ಪ್ಯಾಡ್ ಹಾಗೆ ಉಳಿಸುವಾಗ ಕಡತದ ಮೊದಲಿಗೆ ಮೂರು ಬೈಟ್ ಸೇರಿಸುತ್ತಿತ್ತು: ಇಎಫ್, ಬಿಬಿ, ಬಿಎಫ್. ಬಿಓಎಂ ಎನ್ನುತ್ತಾರೆ. ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಜಾಲತಾಣ ನಡೆಸುವ ಪಿಎಚ್‌ಪಿಯ ಲೆಕ್ಕದಲ್ಲಿ ಅದೂ ಹೊರಬಿದ್ದ ಅಕ್ಷರವೇ. ವಿಂಡೋಸ್ 10ರ 1903 ಆವೃತ್ತಿಯಿಂದೀಚೆಗೆ ನೋಟ್‌ಪ್ಯಾಡ್ ತಾನಾಗಿ ಇದನ್ನು ಸೇರಿಸುವುದಿಲ್ಲ. ಹುಡುಗನ ಲ್ಯಾಪ್‌ಟಾಪ್ ಅದಕ್ಕಿಂತ ಹಳೆಯದು.

ಅವನಲ್ಲಿ ಏಕೆ ಸರಿಬಂತು? ಅವನ ಯಂತ್ರದ ಪಿಎಚ್‌ಪಿಯಲ್ಲಿ ಔಟ್‌ಪುಟ್ ಬಫರಿಂಗ್ 4096 ಎಂದಿತ್ತು. ಮೊದಲ ಅಷ್ಟು ಬೈಟ್ ಕೈಯಲ್ಲೇ ಹಿಡಿದಿಟ್ಟುಕೊಂಡು ಹೆಡರಿಗೆ ದಾರಿ ಬಿಡುತ್ತಿತ್ತು. ಹೋಸ್ಟಿಂಗ್ ಸರ್ವರಿನಲ್ಲಿ ಅದು ಸೊನ್ನೆ. ಕಾರ್ಯದರ್ಶಿಯವರಿಗೆ ಏಕೆ ಸರಿಬಂತು? ಅವರು ಬ್ರೌಸರ್ ಮುಚ್ಚುವವರೇ ಅಲ್ಲ, ಹಳೆಯ ಪಾಸ್ ಜೇಬಿನಲ್ಲೇ ಇತ್ತು, ನಮ್ಮ ಹಳೆಯ ಪಿಎಚ್‌ಪಿ ಅದನ್ನೇ ಒಪ್ಪಿಕೊಂಡಿತು. ಹೊಸ ಆವೃತ್ತಿಯಾಗಿದ್ದರೆ ಸೆಷನ್ ಶುರುವಾಗುವುದಕ್ಕೇ ನಿರಾಕರಿಸಿ ಎಲ್ಲರನ್ನೂ ಹೊರಗಿಡುತ್ತಿತ್ತು, ನಾವು ಬೇಗ ಎಚ್ಚರಾಗುತ್ತಿದ್ದೆವು. ಕಡತವನ್ನು ಬಿಓಎಂ ಇಲ್ಲದೆ ಉಳಿಸಿದೆ. ಮುಗಿಯಿತು.

ಜೇಬಿಗೆ ಇಳಿಯದ ಪಾಸ್

ಕೌಂಟರ್ ಕೊಟ್ಟರೂ ಬ್ರೌಸರ್ ಇಟ್ಟುಕೊಳ್ಳದ, ಇಟ್ಟುಕೊಂಡರೂ ತೋರಿಸದ ಪ್ರಸಂಗಗಳು ಬೇರೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸದಲ್ಲಿ ಲಾಗಿನ್ ಆಗಿ, ಅದಿಲ್ಲದ ವಿಳಾಸಕ್ಕೆ ಜಾರಿದರೆ ಪಾಸ್ ನಡೆಯುವುದಿಲ್ಲ. ಎರಡನ್ನೂ ಒಂದಕ್ಕೆ ತಿರುಗಿಸಿ. 'ಸೆಕ್ಯೂರ್' ಎಂದು ಗುರುತಿಸಿದ ಕುಕಿ ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಹೋಗುವುದಿಲ್ಲ. ಹಾಗೆಂದು ಆ ಗುರುತನ್ನು ಕಿತ್ತುಹಾಕಬೇಡಿ. 2010ರಲ್ಲಿ ಫೈರ್‌ಶೀಪ್ ಎಂಬ ಒಂದು ಸಣ್ಣ ಬ್ರೌಸರ್ ಸಲಕರಣೆ ಬಂದು, ಒಂದೇ ವೈಫೈನಲ್ಲಿ ಕೂತವರ ಕುಕಿ ಕದ್ದು ಅವರ ಖಾತೆಯೊಳಗೆ ಹೋಗುವುದು ಎಷ್ಟು ಸಲೀಸು ಎಂದು ಜಗತ್ತಿಗೇ ತೋರಿಸಿಕೊಟ್ಟಿತು.

ಎಲ್ಲಕ್ಕಿಂತ ಕಾಡುವುದು ಕುಕಿಯ 'ಸೇಮ್‌ಸೈಟ್' ಗುರುತು. ಸದಸ್ಯತ್ವದ ಹಣ ಕಟ್ಟಲು ಪೇಮೆಂಟ್ ಗೇಟ್‌ವೇಗೆ ಹೋಗಿ ಹಿಂದಿರುಗಿದವರು ಲಾಗೌಟ್ ಆಗಿರುತ್ತಾರೆ. ಹಣ ಹೋಗಿದೆ, ರಸೀದಿ ಇಲ್ಲ, ಖಜಾಂಚಿಗೆ ಫೋನ್. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರಿಂದ, ಏನೂ ನಮೂದಿಸದ ಕುಕಿಯನ್ನು 'ಲ್ಯಾಕ್ಸ್' ಎಂದೇ ಲೆಕ್ಕ ಹಿಡಿಯುತ್ತಾರೆ. ಬೇರೆ ತಾಣದಿಂದ ಪೋಸ್ಟ್ ಮಾಡಿಕೊಂಡು ಬಂದರೆ ಆ ಕುಕಿ ಜೊತೆಗೆ ಬರುವುದಿಲ್ಲ. ಆದರೆ ಕುಕಿ ಹುಟ್ಟಿ ಎರಡು ನಿಮಿಷ ಆಗಿಲ್ಲದಿದ್ದರೆ ಕ್ರೋಮ್ ಬಿಟ್ಟುಕೊಡುತ್ತದೆ! ಪರೀಕ್ಷೆ ಮಾಡುವವರು ಲಾಗಿನ್ ಆಗಿ ಚಕಚಕನೆ ನಕಲಿ ಕಾರ್ಡ್ ಹಾಕಿ ಅರ್ಧ ನಿಮಿಷದಲ್ಲಿ ಹಿಂದಿರುಗುತ್ತಾರೆ, ಎಲ್ಲ ಸರಿ. ಕನ್ನಡಕ ಹುಡುಕಿ, ಮಗಳನ್ನು ಕರೆದು, ಯುಪಿಐ ಪಿನ್ ಒತ್ತುವ ಹಿರಿಯರಿಗೆ ಮಾತ್ರ ಪ್ರತಿ ಸಲ ಕೈಕೊಡುತ್ತದೆ. ಮದ್ದು ಏನೆಂದರೆ, ಹಿಂದಿರುಗುವ ಪುಟ ಸೆಷನ್ನನ್ನು ನಂಬದಿರುವುದು. ಆರ್ಡರ್ ಸಂಖ್ಯೆ ಮತ್ತು ಗೇಟ್‌ವೇ ಸಹಿ ತಾಳೆ ನೋಡಿ ಹಣ ಜಮಾ ಮಾಡಿಕೊಂಡು, ಆಮೇಲೆ ಸಾಮಾನ್ಯ ಗೆಟ್ ಪುಟಕ್ಕೆ ಕಳಿಸಿ.

ಇನ್ನು "ಆಗಾಗ ತಾನೇ ಲಾಗೌಟ್ ಆಗ್ತದೆ" ಎಂಬ ದೂರು. ಆಗಾಗ ಎಂದರೆ ಯಾವಾಗ ಎಂದು ಕೇಳಿ. ಅರ್ಧ ಗಂಟೆ ಸುಮ್ಮನೆ ಬಿಟ್ಟ ಮೇಲಾದರೆ ಪಿಎಚ್‌ಪಿಯ 1440 ಸೆಕೆಂಡ್ ಎಂಬ ಸೆಟ್ಟಿಂಗ್ ನೋಡಿ. ಅದು 24 ನಿಮಿಷ. ಒಂದು ಕ್ಲಿಕ್ ಬಿಟ್ಟು ಒಂದಕ್ಕೆ ಆದರೆ ಎರಡು ಸರ್ವರ್ ಇದ್ದು, ಇದರ ಪುಸ್ತಕ ಅದಕ್ಕೆ ಕಾಣುತ್ತಿಲ್ಲ. ಸೆಷನ್ನುಗಳನ್ನು ರೆಡಿಸ್‌ನಂಥ ಒಂದೇ ಕಡೆ ಇಡಿ. ಲಾಗಿನ್ ಆದ ಕೂಡಲೇ ಅವಧಿ ಮುಗಿದಿದೆ ಎಂದರೆ ಐದೂವರೆ ಗಂಟೆಯ ಭೂತ. ಸರ್ವರ್ ಯುಟಿಸಿಯಲ್ಲಿ ಬರೆದ ಸಮಯವನ್ನು ಇನ್ನೊಂದು ಕಡೆ ಭಾರತೀಯ ಸಮಯವೆಂದು ಓದಿದ್ದಾರೆ, ಪಾಸ್ ಹುಟ್ಟುವಾಗಲೇ ಸತ್ತಿದೆ. ಇದರ ಉಲ್ಟಾ ತಮಾಷೆಯೂ ಇದೆ. ಟೋಕನ್ನಿನ ಅವಧಿ ಸೆಕೆಂಡಿನಲ್ಲಿ ಇರಬೇಕು, ಜಾವಾಸ್ಕ್ರಿಪ್ಟ್ ಗಡಿಯಾರ ಮಿಲಿಸೆಕೆಂಡ್ ಕೊಡುತ್ತದೆ. ಹಾಗೇ ತುಂಬಿದರೆ ಆ ಪಾಸ್ ಐವತ್ತು ಸಾವಿರ ವರ್ಷ ನಡೆಯುತ್ತದೆ. ಅಂಥದ್ದನ್ನು ಯಾರೂ ದೂರು ಕೊಡುವುದಿಲ್ಲ, ಅದೇ ಅಪಾಯ.

ಗಾಡಿಯಲ್ಲಿ ಮಾತ್ರ ಲಾಗೌಟ್ ಆಗುತ್ತದೆ ಎಂದರೆ ನಗಬೇಡಿ, ನಿಜ ಇರುತ್ತದೆ. ಕೆಲವರು ಭದ್ರತೆಯ ಹೆಸರಿನಲ್ಲಿ ಸೆಷನ್ನನ್ನು ಐಪಿ ವಿಳಾಸಕ್ಕೆ ಕಟ್ಟಿಹಾಕಿರುತ್ತಾರೆ. ಮನೆಯ ವೈಫೈ ಬಿಟ್ಟು ಸ್ಟೇಷನ್ನಿಗೆ ಇಳಿದರೆ ವಿಳಾಸ ಬದಲಾಯಿತು. ಇದಕ್ಕಿಂತ ನಾಜೂಕಿನದು ಟೋಕನ್ ನವೀಕರಣದ್ದು. ಹಳೆಯ ಪಾಸ್ ಕೊಟ್ಟು ಹೊಸದು ಕೇಳುವಾಗ ದಿವಾ ಆಚೆ ನೆಟ್‌ವರ್ಕ್ ಹೋಯಿತು ಅನ್ನಿ. ಸರ್ವರ್ ಹೊಸದು ಕೊಟ್ಟಾಗಿದೆ, ಹಳೆಯದನ್ನು ರದ್ದು ಮಾಡಿದೆ; ಹೊಸದು ಫೋನಿಗೆ ತಲುಪಿಲ್ಲ. ಫೋನ್ ಮತ್ತೆ ಹಳೆಯದನ್ನೇ ತೋರಿಸುತ್ತದೆ, ಸರ್ವರ್ ಕಳ್ಳನೆಂದು ಎಲ್ಲ ರದ್ದು ಮಾಡುತ್ತದೆ. ಹಳೆಯದಕ್ಕೆ ಕೆಲವು ಸೆಕೆಂಡ್ ಸಲುಗೆ ಕೊಟ್ಟರೆ ಈ ರಗಳೆ ತಪ್ಪುತ್ತದೆ. ಐರೋಲಿಯ ಹವಾನಿಯಂತ್ರಿತ ಕೋಣೆಯಲ್ಲಿ ಎಷ್ಟು ಪರೀಕ್ಷಿಸಿದರೂ ಈ ದೋಷ ಸಿಗಲಿಲ್ಲ. ಥಾಣೆಯಲ್ಲಿ ಗಾಡಿ ಬದಲಿಸುವಾಗ ನನ್ನ ಫೋನಿನಲ್ಲೇ ಸಿಕ್ಕಿತು.

ನಮ್ಮ ಲಿಪಿಯ ತಕರಾರು

ಕನ್ನಡಿಗರ ಜಾಲತಾಣದಲ್ಲಿ ಪಾಸ್‌ವರ್ಡ್ ಕನ್ನಡದಲ್ಲಿ ಬರೆಯುವವರು ಇದ್ದೇ ಇರುತ್ತಾರೆ, ಬರೆಯಲಿ. ಆದರೆ 'ಕೋ' ಎಂಬಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ, ಬಿಡಿ ಗುರುತುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಫೋನಿನ ಕೀಬೋರ್ಡಿನಲ್ಲಿ ಇಟ್ಟ ಪಾಸ್‌ವರ್ಡ್ ಕಂಪ್ಯೂಟರಿನಲ್ಲಿ ನಡೆಯದಿದ್ದರೆ ಇದನ್ನು ಶಂಕಿಸಿ. ಹ್ಯಾಶ್ ಮಾಡುವ ಮುನ್ನ ಯುನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳಿ. ಜೊತೆಗೆ ಹ್ಯಾಶ್ ಮಾಡುವ ಬಿಕ್ರಿಪ್ಟ್ ನೋಡುವುದು 72 ಬೈಟ್ ಮಾತ್ರ. ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಅಂದರೆ 24 ಸಂಕೇತಕ್ಕೆ ಮುಗಿಯಿತು. 'ಕ್ಷ' ಒಂದಕ್ಕೇ 9 ಬೈಟ್ ಹೋಗುತ್ತದೆ.

ಒಟಿಪಿಯಲ್ಲೂ ಇದೇ. ಕೆಲವರ ಕೀಬೋರ್ಡ್ ೪೫೬ ಎಂದೋ ದೇವನಾಗರಿಯಲ್ಲೋ ಅಂಕಿ ಹೊಡೆಯುತ್ತದೆ, ಜಾವಾಸ್ಕ್ರಿಪ್ಟಿನ ಅಂಕಿ ಪರೀಕ್ಷೆ ಅದನ್ನು ಅಂಕಿ ಎಂದೇ ಒಪ್ಪುವುದಿಲ್ಲ. ಇನ್ನು ಒಟಿಪಿ ಬರುವುದೇ ಇಲ್ಲ ಎಂದರೆ ನಿಮ್ಮ ಕೋಡನ್ನಲ್ಲ, ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸಿದ ಸಂದೇಶದ ಪಾಠವನ್ನು ನೋಡಿ. ಯಾರೋ ಅಕ್ಕರೆಯಿಂದ ಮೊದಲಿಗೆ 'ನಮಸ್ಕಾರ' ಸೇರಿಸಿದ್ದರೆ ಪಾಠ ತಾಳೆಯಾಗದೆ ಸಂದೇಶ ನಡುದಾರಿಯಲ್ಲೇ ನಿಲ್ಲುತ್ತದೆ. ಈ ತಪಾಸಣೆ 2021ರ ಮಾರ್ಚ್ 8ರಂದು ಜಾರಿಯಾದಾಗ ದೇಶದ ತುಂಬ ಒಟಿಪಿಗಳು ನಿಂತುಹೋಗಿ, ಮರುದಿನವೇ ದೂರಸಂಪರ್ಕ ನಿಯಂತ್ರಕ ಟ್ರಾಯ್ ಒಂದು ವಾರದ ಮಟ್ಟಿಗೆ ಅದನ್ನು ತಡೆಹಿಡಿಯಬೇಕಾಯಿತು.

ಅದೇ ಮಾರ್ಚ್ 8ರಂದು ಗಿಟ್‌ಹಬ್ ತನ್ನೆಲ್ಲ ಬಳಕೆದಾರರನ್ನೂ ಲಾಗೌಟ್ ಮಾಡಿತು. ಕಾರಣ ಬೇರೆ: ತೀರ ಅಪರೂಪಕ್ಕೆ ಒಬ್ಬರ ಸೆಷನ್ ಇನ್ನೊಬ್ಬರ ಬ್ರೌಸರಿಗೆ ಹೋಗುತ್ತಿತ್ತು. 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಎಂಬ ಆಟಗಳ ಅಂಗಡಿಯಲ್ಲೂ ಕ್ಯಾಷ್ ಎಡವಟ್ಟಾಗಿ ಸುಮಾರು 34 ಸಾವಿರ ಜನರ ಪುಟಗಳು ಪರರಿಗೆ ಕಾಣುವಂತಾಗಿದ್ದವು. ನಿಮ್ಮ ಸದಸ್ಯರೊಬ್ಬರು "ನನಗೆ ಬೇರೆಯವರ ಹೆಸರು ಕಾಣ್ತಿದೆ" ಎಂದರೆ ಕಾರಣ ಹುಡುಕುತ್ತ ಕೂರಬೇಡಿ. ಮೊದಲು ತಾಣ ನಿಲ್ಲಿಸಿ, ಎಲ್ಲ ಸೆಷನ್ ಅಳಿಸಿ, ಆಮೇಲೆ ಹುಡುಕಿ.

ಹೊರಗ ಹೋಗೂದು

ಬಿಓಎಂ ತೆಗೆದ ಹತ್ತು ನಿಮಿಷಕ್ಕೆ ಕಾಕಾ ಮತ್ತೆ ಫೋನ್ ಮಾಡಿದರು. "ಒಳಗ ಬಂದೆ. ಇನ್ನ ಹೊರಗ ಹೋಗೂದು ಹ್ಯಾಂಗ?" ಅವರು ಕೂತಿದ್ದದ್ದು ಸೊಸೈಟಿ ಆಫೀಸಿನ ಕಂಪ್ಯೂಟರಿನ ಮುಂದೆ. ಅಲ್ಲಿ ಕೀಲಿಕೈ ಇದ್ದವರೆಲ್ಲ ಕೂರುತ್ತಾರೆ.

ಲಾಗೌಟ್ ಗುಂಡಿ ಒತ್ತಿಸಿದೆ. ಲಾಗಿನ್ ಪುಟ ಬಂತು. "ಆತು" ಎಂದರು. ಬ್ಯಾಕ್ ಒತ್ತಿ ನೋಡಿ ಕಾಕಾ ಎಂದೆ. ಸದಸ್ಯರ ಪಟ್ಟಿ ಫೋನ್ ನಂಬರುಗಳ ಸಮೇತ ಹಾಜರ್. ಇದು ಅಷ್ಟೇನೂ ದೊಡ್ಡದಲ್ಲ. ಬ್ರೌಸರ್ ಇಟ್ಟುಕೊಂಡ ಹಳೆಯ ಚಿತ್ರ ಅದು. ಒಳಪುಟಗಳಿಗೆ 'ಕ್ಯಾಷ್-ಕಂಟ್ರೋಲ್: ನೋ-ಸ್ಟೋರ್' ಹೆಡರ್ ಹಾಕಿದರೆ ನಿಲ್ಲುತ್ತದೆ. ಆದರೆ ರಿಫ್ರೆಶ್ ಮಾಡಿದ ಮೇಲೂ ಕಂಡರೆ ಕುಕಿಯೇ ಅಳಿದಿಲ್ಲ ಎಂದರ್ಥ. ಕುಕಿ ಕೊಟ್ಟಾಗ ಇದ್ದ ಹೆಸರು, ಡೊಮೇನ್, ಪಾತ್ ಮೂರೂ ಅಳಿಸುವಾಗಲೂ ಅವೇ ಇರಬೇಕು. ಒಂದು ಓರೆಗೆರೆ ತಪ್ಪಿದರೂ ಬ್ರೌಸರ್ ಅದನ್ನು ಬೇರೆ ಕುಕಿ ಎಂದುಕೊಳ್ಳುತ್ತದೆ.

ಲಾಗೌಟನ್ನು ಬರಿಯ ಲಿಂಕ್ ಮಾಡಿ ಇಡುವುದೂ ತಪ್ಪೇ. ಪುಟಗಳನ್ನು ಮುಂಚೆಯೇ ತಂದಿಡುವ ಬ್ರೌಸರ್ ಸಲಕರಣೆ ಆ ಲಿಂಕನ್ನೂ ಮುಟ್ಟಿ ಬರುತ್ತದೆ, ಜನ ಏನೂ ಮಾಡದೆಯೂ ಹೊರಬೀಳುತ್ತಾರೆ. ಜ್ಯಾಂಗೋ ಚೌಕಟ್ಟಿನ 5.0 ಆವೃತ್ತಿ ಗೆಟ್ ಮೂಲಕ ಲಾಗೌಟ್ ಆಗುವುದನ್ನು ತೆಗೆದುಹಾಕಿತು. ಹಳೆಯ ಯೋಜನೆಗಳನ್ನು ಮೇಲಕ್ಕೇರಿಸಿದವರಿಗೆ 405 ಬರುವುದು ಇದರಿಂದಲೇ. ಪೋಸ್ಟ್ ಫಾರಂ ಮಾಡಿ.

ನಿಜವಾದ ಪರೀಕ್ಷೆ ಬೇರೆಯೇ ಇದೆ, ಎರಡು ನಿಮಿಷದ್ದು. ಲಾಗಿನ್ ಆಗಿ, ಎಫ್12ರ ಅಪ್ಲಿಕೇಶನ್ ಪಟ್ಟಿಯಲ್ಲಿ ಸೆಷನ್ ಕುಕಿಯ ಸಂಖ್ಯೆಯನ್ನು ನಕಲು ಮಾಡಿಟ್ಟುಕೊಳ್ಳಿ. ಲಾಗೌಟ್ ಆಗಿ. ಈಗ ಅದೇ ಸಂಖ್ಯೆಯನ್ನು ಕೈಯಾರೆ ಮತ್ತೆ ಅಂಟಿಸಿ, ಒಳಪುಟ ತೆರೆಯಿರಿ. ತೆರೆದರೆ ನಿಮ್ಮ ಲಾಗೌಟ್ ಪಾಸನ್ನು ಜೇಬಿನಿಂದ ಬಿಸಾಡುತ್ತಿದೆ ಅಷ್ಟೆ, ಕೌಂಟರಿನಲ್ಲಿ ರದ್ದು ಮಾಡುತ್ತಿಲ್ಲ. ಬಿಸಾಡಿದ್ದನ್ನು ಎತ್ತಿಕೊಂಡವರು ಅದರಲ್ಲೇ ಪ್ರಯಾಣ ಮಾಡಬಹುದು. ಮೊಹರಿನ ಟೋಕನ್ ಬಳಸುವವರಿಗೆ ಇದು ಇನ್ನೂ ಕಷ್ಟ, ರದ್ದು ಮಾಡಲು ಪುಸ್ತಕವೇ ಇಲ್ಲವಲ್ಲ. ಅವಧಿ ಗಿಡ್ಡ ಇಡಬೇಕು, ರದ್ದಾದವುಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಬೇಕು. 2018ರ ಸೆಪ್ಟೆಂಬರಿನಲ್ಲಿ ಟೋಕನ್ನುಗಳು ಕಳುವಾದಾಗ ಫೇಸ್‌ಬುಕ್ 9 ಕೋಟಿ ಜನರನ್ನು ಒಟ್ಟಿಗೆ ಹೊರಹಾಕಿತು. ಹಾಗೆ ಹಾಕಲು ಅದರ ಬಳಿ ಗುಂಡಿಯೊಂದು ಇತ್ತು, ನಮ್ಮಂಥವರ ಜಾಲತಾಣಗಳಲ್ಲಿ ಬಹಳ ಸಲ ಅದೇ ಇರುವುದಿಲ್ಲ. 'ಎಲ್ಲ ಸಾಧನಗಳಿಂದ ಲಾಗೌಟ್' ಎಂಬ ಗುಂಡಿ ಮೊದಲ ದಿನವೇ ಕಟ್ಟಿ. ಲಾಗಿನ್, ಲಾಗೌಟ್ ಎರಡನ್ನೂ ಸಮಯ, ಸದಸ್ಯ ಸಂಖ್ಯೆ, ಫಲಿತಾಂಶ, ಕಾರಣ ಸಮೇತ ಲಾಗಿಗೆ ಬರೆಯಿರಿ. ಪಾಸ್‌ವರ್ಡನ್ನೂ ಪೂರ್ತಿ ಟೋಕನ್ನನ್ನೂ ಮಾತ್ರ ಬರೆಯಬೇಡಿ. ಯಾರ ಪಾಸ್‌ವರ್ಡನ್ನೂ ಫೋನಿನಲ್ಲಿ ಕೇಳಬೇಡಿ. ಕಾಕಾ ನಾನು ಕೇಳುವ ಮೊದಲೇ ಹೇಳಿಬಿಟ್ಟಿದ್ದರು, ಬದಲಿಸಿಕೊಳ್ಳಿ ಎಂದು ಹೇಳಬೇಕಾಯಿತು.

ಆ ರಾತ್ರಿ ನಮ್ಮ ಬಳಗದ ಜಾಲತಾಣದ ಮೇಲೂ ಈ ಅಂಟಿಸುವ ಪರೀಕ್ಷೆ ಮಾಡಿದೆ. ಕಟ್ಟಿ ಮೂರು ವರ್ಷವಾಗಿತ್ತು, ಯಾರೂ ಮಾಡಿರಲಿಲ್ಲ. ಲಾಗೌಟ್ ಆಗಿ ಹಳೆಯ ಸಂಖ್ಯೆ ಅಂಟಿಸಿ ರಿಫ್ರೆಶ್ ಒತ್ತಿದೆ. "ನಮಸ್ಕಾರ" ಎಂದು ನನ್ನ ಹೆಸರು ಹೇಳಿತು. ಉಡುಪಿಯ ಹುಡುಗನಿಗೆ ಪರದೆಯ ಚಿತ್ರ ಕಳಿಸಿದೆ. ಲಾಗೌಟ್ ಕಡತದಲ್ಲಿ ಕುಕಿ ಅಳಿಸುವ ಸಾಲಿತ್ತು, ಸೆಷನ್ ಅಳಿಸುವ ಸಾಲಿಗೆ ಯಾವುದೋ ಕಾಲದಲ್ಲಿ ಕಾಮೆಂಟ್ ಹಾಕಿದ್ದ. ಏಕೆ ಹಾಕಿದ್ದೆ ಎಂದು ಅವನಿಗೂ ನೆನಪಿಲ್ಲ. ಎರಡು ಓರೆಗೆರೆ ತೆಗೆದ, ನಾನು ಮತ್ತೆ ಅಂಟಿಸಿದೆ. ಲಾಗಿನ್ ಪುಟ ಬಂತು.